ಬಲಗಡೆ ರಸ್ತೆ, ಮೈಲಿ ಲೆಕ್ಕ: ಅಮೆರಿಕದಲ್ಲಿ ಮೊದಲ ಸಲ ಕಾರು ಓಡಿಸುವವರಿಗೆ

ಬೆಂಗಳೂರಿನಲ್ಲಿ ಹದಿನೆಂಟು ವರ್ಷ ಕಾರು ಓಡಿಸಿದ ಮೇಲೆ ನಾನು ಕ್ಯಾಲಿಫೋರ್ನಿಯಾಕ್ಕೆ ಹೋದದ್ದು, ಸನ್ನಿವೇಲ್‌ನಲ್ಲಿರುವ ಅಕ್ಕನ ಮಗನ ಮನೆಗೆ. ಮೊದಲೆರಡು ದಿನ ಅವನೇ ಪಕ್ಕದಲ್ಲಿ ಕೂತು ಕಲಿಸಿದ. ಹೆದ್ದಾರಿಯಲ್ಲೂ ಓಡಿಸಿದೆ, ಏನೂ ತೊಂದರೆ ಆಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಆರು ಗಂಟೆಗೆ ಹಾಲು ತರಲು ಒಬ್ಬಳೇ ಹೊರಟೆ. ಅಂಗಡಿಯ ಪಾರ್ಕಿಂಗಿನಿಂದ ಹೊರಬಂದು ರಸ್ತೆಗೆ ತಿರುಗಿದೆ. ರಸ್ತೆ ಪೂರ್ತಿ ಖಾಲಿ. ನೂರು ಮೀಟರ್ ಹೋದ ಮೇಲೆ ಎದುರಿಗೆ ಎರಡು ಹೆಡ್‌ಲೈಟ್ ಕಾಣಿಸಿದವು, ನೇರ ನನ್ನ ಲೇನ್‌ನಲ್ಲೇ. ಆ ಕಾರಿನವರು ತಪ್ಪು ಬರುತ್ತಿದ್ದಾರೆ ಅಂತಲೇ ಅಂದುಕೊಂಡೆ. ತಪ್ಪಿದ್ದು ನಾನು. ಕೈ ತನ್ನ ಹಳೆಯ ಅಭ್ಯಾಸದಂತೆ ಕಾರನ್ನು ಎಡಗಡೆಗೆ ತಂದಿತ್ತು. ಅವರು ನಿಧಾನ ಮಾಡಿ ನಿಂತರು, ನಾನು ಬದಿಗೆ ಸರಿದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಮನೆಗೆ ಬಂದ ಮೇಲೂ ಕೈ ನಡುಗುತ್ತಿತ್ತು.

ಅವತ್ತು ನನಗೆ ಅರ್ಥವಾದ ವಿಷಯವೇ ಈ ಬರಹದ ತಿರುಳು. ಟ್ರಾಫಿಕ್ ಇರುವಾಗ ಮುಂದಿನ ಕಾರು ನಮಗೆ ದಾರಿ ತೋರಿಸುತ್ತದೆ. ಅಪಾಯ ಇರುವುದು ಖಾಲಿ ರಸ್ತೆಯಲ್ಲಿ. ನಿಯಮ ನಮ್ಮ ತಲೆಗೆ ಒಂದೇ ದಿನದಲ್ಲಿ ಹತ್ತುತ್ತದೆ, ಕೈಕಾಲಿಗೆ ಹತ್ತಲು ವಾರಗಳು ಬೇಕು. ಮಕ್ಕಳ ಮನೆಗೆ ಅಂತ ಆರು ತಿಂಗಳು ಹೋಗುವ ಅಪ್ಪ ಅಮ್ಮಂದಿರು, ಕಂಪನಿ ಕಳಿಸಿದ ಹುಡುಗ ಹುಡುಗಿಯರು, ಎರಡು ವಾರ ಸುತ್ತಾಡಲು ಹೋಗುವವರು, ಎಲ್ಲರಿಗೂ ಇದು ಅನ್ವಯಿಸುತ್ತದೆ. ನನಗೆ ಚೆನ್ನಾಗಿ ಗೊತ್ತಿರುವುದು ಕ್ಯಾಲಿಫೋರ್ನಿಯಾ, ಹಾಗಾಗಿ ಅಲ್ಲಿಯದನ್ನೇ ಮುಖ್ಯವಾಗಿ ಹೇಳುತ್ತೇನೆ.

ಹಂತ 1: ಊರಲ್ಲೇ ಮುಗಿಸಬೇಕಾದ ಕೆಲಸ

ಮೊದಲು ಡಿಎಲ್ ತೆಗೆದು ನೋಡಿ. ಅವಧಿ ಮುಗಿಯುತ್ತಾ ಬಂದಿದ್ದರೆ ನವೀಕರಿಸಿಕೊಳ್ಳಿ. ಕ್ಯಾಲಿಫೋರ್ನಿಯಾಕ್ಕೆ ಪ್ರವಾಸಿಯಾಗಿ ಬಂದ 18 ವರ್ಷ ದಾಟಿದವರು ತಮ್ಮ ದೇಶದ ಚಾಲ್ತಿ ಡಿಎಲ್ ಇಟ್ಟುಕೊಂಡು ಓಡಿಸಬಹುದು. ಆದರೆ ಪ್ರತಿ ರಾಜ್ಯದ ಕಾನೂನು ಬೇರೆ, ಬಾಡಿಗೆ ಕಾರಿನ ಕಂಪನಿಗಳ ನಿಯಮವೂ ಬೇರೆ. ಅದಕ್ಕೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಹೋಗುವುದೇ ಒಳ್ಳೆಯದು. 1949ರ ಜಿನೀವಾ ಒಪ್ಪಂದದಲ್ಲಿ ಭಾರತವೂ ಇದೆ, ಅದರ ಪ್ರಕಾರ ನಮ್ಮ ಆರ್‌ಟಿಒ ಈ ಪರ್ಮಿಟ್ ಕೊಡುತ್ತದೆ. ಅರ್ಜಿ ನಮೂನೆ 4ಎ, ಶುಲ್ಕ 1000 ರೂಪಾಯಿ, ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಪಾಸ್‌ಪೋರ್ಟ್, ವೀಸಾ ಕೈಯಲ್ಲಿರಬೇಕು. ಒಂದು ವರ್ಷ ನಡೆಯುತ್ತದೆ. ಇದು ಡಿಎಲ್‌ಗೆ ಬದಲಿ ಅಲ್ಲ, ಜೊತೆಗಾರ. ಎರಡೂ ಜೊತೆಯಲ್ಲಿರಬೇಕು.

ಅಲ್ಲೇ ನೆಲೆಸಲು ಹೋಗುವವರ ಕಥೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ವಾಸ ಹೂಡಿದ 10 ದಿನದೊಳಗೆ ಅಲ್ಲಿಯ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು.

ಇನ್ನೊಂದು ಮಾತು. ಊರಲ್ಲಿ ಬರೀ ಗೇರ್ ಕಾರು ಓಡಿಸಿದವರು ಹೊರಡುವ ಮುಂಚೆ ಸ್ನೇಹಿತರ ಆಟೋಮ್ಯಾಟಿಕ್ ಕಾರನ್ನು ಒಂದೆರಡು ಗಂಟೆ ಓಡಿಸಿ ನೋಡಿ. ಅಮೆರಿಕದಲ್ಲಿ ಬಾಡಿಗೆಗೆ ಸಿಗುವುದು ಹೆಚ್ಚುಕಮ್ಮಿ ಎಲ್ಲಾ ಆಟೋಮ್ಯಾಟಿಕ್. ಎಡಗಾಲಿಗೆ ಕೆಲಸವೇ ಇರುವುದಿಲ್ಲ. ಅದು ಸುಮ್ನೆ ಇರಲು ಕಲಿಯಬೇಕು, ಇಲ್ಲದಿದ್ದರೆ ಕ್ಲಚ್ ಅಂದುಕೊಂಡು ಬ್ರೇಕ್ ಜೋರಾಗಿ ತುಳಿಯುತ್ತದೆ.

ಹಂತ 2: ಕಾರು ಹೊರಡುವ ಮುಂಚೆ ಹತ್ತು ನಿಮಿಷ

ಹದಿನೈದು ಗಂಟೆಗೂ ಜಾಸ್ತಿ ವಿಮಾನದಲ್ಲಿ ಕೂತು ಬಂದ ದಿನ ಕಾರು ಮುಟ್ಟಬೇಡಿ. ನಿದ್ದೆ ತುಂಬದ ತಲೆ ಹಳೆಯ ಅಭ್ಯಾಸಕ್ಕೇ ಜಾರುತ್ತದೆ.

ಮರುದಿನ ಕಾರಿನಲ್ಲಿ ಕೂತು, ಸ್ಟಾರ್ಟ್ ಮಾಡದೆ ಎಲ್ಲವನ್ನೂ ಒಮ್ಮೆ ಮುಟ್ಟಿ ನೋಡಿ. ನೀವು ಕೂತಿರುವುದು ಎಡಗಡೆ. ಕನ್ನಡಿ ನಿಮ್ಮ ಬಲಕ್ಕಿದೆ, ಸೀಟ್ ಬೆಲ್ಟ್ ಎಡ ಭುಜದ ಮೇಲಿಂದ ಬರುತ್ತದೆ. ಬೆಲ್ಟಿಗೆ ನಿಮ್ಮ ಬಲಗೈ ಬಲ ಭುಜದ ಕಡೆ ಹೋಗುತ್ತದೆ, ಅಲ್ಲಿ ಏನೂ ಸಿಗುವುದಿಲ್ಲ. ಆಕ್ಸಿಲರೇಟರ್ ಬಲಕ್ಕೆ, ಬ್ರೇಕ್ ಅದರ ಎಡಕ್ಕೆ, ಇದು ಮಾತ್ರ ನಮ್ಮಲ್ಲಿದ್ದಂತೆಯೇ.

ಇಂಡಿಕೇಟರ್‌ಗೆ ಜಾಸ್ತಿ ಗಮನ ಕೊಡಿ. ನಮ್ಮ ಮಾರುತಿ, ಹ್ಯುಂಡೈ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಸ್ಟೇರಿಂಗಿನ ಬಲಕ್ಕಿರುತ್ತದೆ, ವೈಪರ್ ಎಡಕ್ಕೆ. ಅಲ್ಲಿ ತದ್ವಿರುದ್ಧ. ತಿರುವು ಬಂದಾಗ ಇಂಡಿಕೇಟರ್ ಅಂತ ಎಳೆದರೆ ಒಣ ಗಾಜಿನ ಮೇಲೆ ವೈಪರ್ ಗರಗರ ಅನ್ನುತ್ತದೆ. ಅದರಿಂದ ಹಾನಿ ಇಲ್ಲ. ಆದರೆ ಹಿಂದಿನವರಿಗೆ ನೀವು ತಿರುಗುವುದು ಗೊತ್ತಾಗುವುದಿಲ್ಲ, ಮತ್ತು ವೈಪರ್ ನಿಲ್ಲಿಸುವ ಗಡಿಬಿಡಿಯಲ್ಲಿ ನಿಮ್ಮ ಕಣ್ಣು ರಸ್ತೆ ಬಿಡುತ್ತದೆ. ನಿಂತ ಕಾರಿನಲ್ಲೇ ಇಪ್ಪತ್ತು ಸಲ ಎಡ, ಬಲ ಇಂಡಿಕೇಟರ್ ಹಾಕಿ ತೆಗೆಯಿರಿ. ಆಟ ಅನ್ನಿಸಿದರೂ ಮಾಡಿ.

ಹಂತ 3: ಬಲಗಡೆಗೆ ಮೈ ಒಗ್ಗಿಸುವುದು

"ಬಲಗಡೆ ಹೋಗು, ಬಲಗಡೆ ಹೋಗು" ಅಂತ ಮನಸ್ಸಲ್ಲಿ ಜಪಿಸುವುದು ಸಾಲದು. ನನಗೆ ನಿಜವಾಗಿ ಕೈ ಹಿಡಿದದ್ದು ಒಂದೇ ಸೂತ್ರ: ಡ್ರೈವರ್ ಯಾವಾಗಲೂ ರಸ್ತೆಯ ನಡುವಿನ ಕಡೆಗೆ, ಪಕ್ಕದ ಸೀಟಿನವರು ಫುಟ್‌ಪಾತ್ ಕಡೆಗೆ. ಯೋಚಿಸಿ ನೋಡಿ, ನಮ್ಮೂರಲ್ಲೂ ಇದು ನಿಜ ಅಲ್ವಾ? ನಮ್ಮಲ್ಲಿ ಬಲಗಡೆ ಕೂತು ಎಡಕ್ಕೆ ಹೋಗುತ್ತೇವೆ, ಮೈ ನಡುಗೆರೆಗೆ ಹತ್ತಿರ. ಅಲ್ಲಿ ಎಡಗಡೆ ಕೂತು ಬಲಕ್ಕೆ ಹೋದರೂ ಮೈ ನಡುಗೆರೆಗೆ ಹತ್ತಿರವೇ. ಹೆಚ್ಚುಕಮ್ಮಿ ಎಲ್ಲ ದೇಶಗಳಲ್ಲೂ ಈ ಸೂತ್ರ ಸುಳ್ಳಾಗುವುದಿಲ್ಲ, ಕಾರು ಅಲ್ಲಿಯದ್ದಾಗಿದ್ದರೆ ಸಾಕು.

ಗೆರೆಯ ಬಣ್ಣವೂ ಸಹಾಯ ಮಾಡುತ್ತದೆ. ಅಮೆರಿಕದಲ್ಲಿ ಎದುರು ಬರುವ ವಾಹನಗಳಿಂದ ನಮ್ಮನ್ನು ಬೇರ್ಪಡಿಸುವ ಗೆರೆ ಹಳದಿ. ಒಂದೇ ದಿಕ್ಕಿಗೆ ಹೋಗುವ ಲೇನ್‌ಗಳ ನಡುವಿನದು ಬಿಳಿ. ಹಳದಿ ಗೆರೆ ಎಡಕ್ಕಿದ್ದರೆ ನೀವು ಸರಿಯಾದ ಕಡೆ ಇದ್ದೀರಿ. ಬಲಕ್ಕೆ ಬಂತೋ, ತಕ್ಷಣ ಬದಿಗೆ ಸರಿಯಿರಿ. ರಾತ್ರಿ ರಸ್ತೆಯ ಮೇಲಿನ ರಿಫ್ಲೆಕ್ಟರ್‌ಗಳು ನಿಮಗೆ ಕೆಂಪಾಗಿ ಹೊಳೆದರೂ ಅದೇ ಅರ್ಥ. ತಪ್ಪು ದಿಕ್ಕಿನಿಂದ ಬರುವವರಿಗೆ ಮಾತ್ರ ಆ ಕೆಂಪು ಕಾಣುತ್ತದೆ.

ತಿರುವು ಬಂದಾಗ ನಮ್ಮ ಲೆಕ್ಕ ಎಡ ತಿರುವು ಚಿಕ್ಕದು, ಬಲ ತಿರುವು ದೊಡ್ಡದು. ಅಲ್ಲಿ ಬಲ ಚಿಕ್ಕದು, ಎಡ ದೊಡ್ಡದು. ಎಡಕ್ಕೆ ತಿರುಗುವಾಗ ಮೂಲೆಯನ್ನು ಕತ್ತರಿಸಬೇಡಿ. ನೇರ ಮುಂದೆ ಹೋಗಿ, ಎದುರಿನ ವಾಹನಗಳ ಲೇನ್ ದಾಟಿ, ಆಚೆಗಿನ ಭಾಗಕ್ಕೆ ಸೇರಿ. ಮೊದಲ ವಾರ ನಾನು ಎಡ ತಿರುವು ಬಂದಾಗಲೆಲ್ಲ ಬಾಯಿಬಿಟ್ಟು "ದೊಡ್ಡದು" ಅಂತ ಹೇಳುತ್ತಿದ್ದೆ. ಬಾಯಿ ಹೇಳಿದ್ದನ್ನು ಕೈ ಕೇಳುತ್ತದೆ.

ಹೊಸಬರ ಕಾರು ಲೇನ್‌ನಲ್ಲಿ ಬಲಕ್ಕೆ ವಾಲುವುದು ಸಾಮಾನ್ಯ. ನಮ್ಮ ಮೈಗೆ ಲೇನ್‌ನ ಬಲ ಅರ್ಧದಲ್ಲಿ ಕೂತು ಅಭ್ಯಾಸ. ಅಲ್ಲೂ ಅಲ್ಲೇ ಕೂರಲು ಹೋದರೆ ಕಾರಿನ ಉಳಿದ ಭಾಗ ಬಲಗಡೆಯ ಕಟ್ಟೆಗೆ ಉಜ್ಜುತ್ತದೆ. ಹಳದಿ ಗೆರೆಗೆ ತೀರಾ ಹತ್ತಿರ ಇದ್ದೇನೆ ಅನ್ನಿಸುವಷ್ಟು ಎಡಕ್ಕೆ ಇರಿ, ಆಗ ಸುಮಾರು ಮಧ್ಯದಲ್ಲಿರುತ್ತೀರಿ. ಬಲ ಕನ್ನಡಿ ನೋಡಿ ಖಾತ್ರಿ ಮಾಡಿಕೊಳ್ಳಿ.

ಕೈ ತಪ್ಪುವ ಜಾಗಗಳು ಯಾವುವು ಅಂತ ಮೊದಲೇ ಗೊತ್ತಿದ್ದರೆ ಅರ್ಧ ಗೆದ್ದಂತೆ. ಪಾರ್ಕಿಂಗಿನಿಂದ, ಪೆಟ್ರೋಲ್ ಬಂಕಿನಿಂದ ರಸ್ತೆಗೆ ಬರುವಾಗ. ಒನ್‌ವೇ ಮುಗಿದು ಎರಡು ದಿಕ್ಕಿನ ರಸ್ತೆ ಶುರುವಾಗುವಲ್ಲಿ. ಯೂ ಟರ್ನ್ ಆದ ಮೇಲೆ. ಬೆಳಗಿನ ಜಾವ. ಫೋಟೋ ತೆಗೆಯಲು ನಿಂತು ಮತ್ತೆ ಹೊರಟಾಗ. ಈ ಪ್ರತಿಯೊಂದರಲ್ಲೂ ಒಂದು ಕ್ಷಣ ಪೂರ್ತಿ ನಿಂತು, ಹಳದಿ ಗೆರೆ ಹುಡುಕಿ, ಆಮೇಲೆ ಹೊರಡಿ. ಮೊದಲ ಹದಿನೈದು ದಿನ ಪಕ್ಕದಲ್ಲಿ ಒಬ್ಬರು ಇರಲಿ. ಅವರ ಕೆಲಸ ಮ್ಯಾಪ್ ನೋಡುವುದು ಮಾತ್ರ ಅಲ್ಲ, ಪ್ರತಿ ತಿರುವಿಗೂ ಬಾಯಿಬಿಟ್ಟು "ಬಲಗಡೆ" ಅನ್ನುವುದು.

ಕಾಲ್ನಡಿಗೆಯಲ್ಲೂ ಹುಷಾರು. ರಸ್ತೆ ದಾಟುವಾಗ ನಾವು ಮೊದಲು ಬಲಕ್ಕೆ ನೋಡುತ್ತೇವೆ. ಅಲ್ಲಿ ವಾಹನ ಮೊದಲು ಬರುವುದು ಎಡದಿಂದ.

ಹಂತ 4: ಮೈಲಿ, ಅಡಿ, ಗ್ಯಾಲನ್

ಎಷ್ಟೋ ಜನ ಹೋದ ತಕ್ಷಣ ಫೋನಿನ ಮ್ಯಾಪನ್ನು ಕಿಲೋಮೀಟರ್‌ಗೆ ಬದಲಿಸಿಕೊಳ್ಳುತ್ತಾರೆ. ನನ್ನ ಸಲಹೆ, ಹಾಗೆ ಮಾಡಬೇಡಿ. ಬೋರ್ಡ್ ಮೈಲಿಯಲ್ಲಿ, ಮೀಟರ್ ಮೈಲಿಯಲ್ಲಿ, ಮ್ಯಾಪ್ ಮಾತ್ರ ಕಿಲೋಮೀಟರ್‌ನಲ್ಲಿ ಇದ್ದರೆ ಓಡುವ ಕಾರಿನಲ್ಲಿ ಲೆಕ್ಕ ಹಾಕುವ ಕೆಲಸ ಜಾಸ್ತಿಯಾಗುತ್ತದೆ. ಮೂರೂ ಒಂದೇ ಭಾಷೆ ಮಾತಾಡಲಿ. ಸ್ಪೀಡ್ ವಿಷಯದಲ್ಲಂತೂ ಲೆಕ್ಕವೇ ಬೇಡ. ಬೋರ್ಡಿನಲ್ಲಿ 35 ಇದ್ದರೆ ಮುಳ್ಳು 35ರಲ್ಲಿರಲಿ, ಅಷ್ಟೇ.

ಆದರೂ ವೇಗ ಎಷ್ಟು ಅಂತ ಮೈಗೆ ಅರಿವಿರಬೇಕು. ಒಂದು ಮೈಲಿ ಅಂದರೆ 1.6 ಕಿ.ಮೀ. ಹಾಗಾಗಿ ಮನೆಗಳಿರುವ ರಸ್ತೆಯ 25 ಅಂದರೆ ನಮ್ಮ 40. 35 ಅಂದರೆ 56. ಹೆದ್ದಾರಿಯ 65 ಅಂದರೆ 105, ಬೆಂಗಳೂರು–ಮೈಸೂರು ಹೆದ್ದಾರಿಯ 100ರ ಮಿತಿಗಿಂತ ಸ್ವಲ್ಪ ಜಾಸ್ತಿ. 65 ಅನ್ನುವ ಅಂಕಿ ಚಿಕ್ಕದಾಗಿ ಕಾಣುವುದರಿಂದ ನಿಧಾನ ಹೋಗುತ್ತಿದ್ದೇನೆ ಅನ್ನಿಸುತ್ತದೆ. ನಿಜಕ್ಕೂ ಆ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 29 ಮೀಟರ್ ಓಡುತ್ತದೆ. ಮುಂದಿನ ಕಾರು ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬ ದಾಟಲು ಕಡಿಮೆ ಅಂದರೂ ಮೂರು ಸೆಕೆಂಡ್ ಆಗಬೇಕು. ಬೆಂಗಳೂರಿನಲ್ಲಿ ಅಷ್ಟು ಜಾಗ ಬಿಟ್ಟರೆ ಎರಡು ಆಟೋ ನುಗ್ಗುತ್ತವೆ. ಅಲ್ಲಿ ಯಾರಾದರೂ ನುಗ್ಗಿದರೆ ಮತ್ತೆ ಹಿಂದೆ ಸರಿದು ಅಷ್ಟೇ ಜಾಗ ಮಾಡಿಕೊಳ್ಳಿ.

ಮೈಲಿ ನಮಗೆ ಪೂರ್ತಿ ಹೊಸದೂ ಅಲ್ಲ. ಮೆಟ್ರಿಕ್ ಅಳತೆಗೆ ಕಾನೂನು ಬಂದದ್ದು 1956ರಲ್ಲಿ. ಅಜ್ಜ ಅಜ್ಜಿಯರು ಮೈಲಿಯಲ್ಲೇ ದಾರಿ ಹೇಳುತ್ತಿದ್ದರು, ಮೈಲಿಗಲ್ಲು ಅನ್ನುವ ಮಾತು ಇನ್ನೂ ನಮ್ಮ ಬಾಯಲ್ಲಿದೆ. ಅಡಿಯಂತೂ ದಿನಬಳಕೆಯ ಅಳತೆ. ಮ್ಯಾಪ್ "500 ಅಡಿ ಮುಂದೆ ಬಲಕ್ಕೆ ತಿರುಗಿ" ಅಂದಾಗ ನಾನು 30×40 ಸೈಟು ನೆನೆಸಿಕೊಳ್ಳುತ್ತೇನೆ. ನಲವತ್ತು ಅಡಿ ಉದ್ದದ ಸೈಟುಗಳನ್ನು ಸಾಲಾಗಿ ಇಟ್ಟರೆ ಹನ್ನೆರಡೂವರೆ ಸೈಟು. ಕಾಲು ಮೈಲಿ ಅಂದರೆ 400 ಮೀಟರ್, ಕ್ರೀಡಾಂಗಣದ ಟ್ರ್ಯಾಕ್ ಒಂದು ಸುತ್ತು. ಈ ಎರಡು ಚಿತ್ರ ಕಣ್ಣಲ್ಲಿದ್ದರೆ ಮ್ಯಾಪಿನ ಮಾತು ತಾನಾಗೇ ಅರ್ಥವಾಗುತ್ತದೆ.

ಹೆದ್ದಾರಿಯಿಂದ ಹೊರಬೀಳುವ ದಾರಿಗೆ ಎಕ್ಸಿಟ್ ಅನ್ನುತ್ತಾರೆ, ಪ್ರತಿಯೊಂದಕ್ಕೂ ನಂಬರ್ ಇರುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ಆ ನಂಬರೇ ಮೈಲಿ. ನೀವು ಎಕ್ಸಿಟ್ 40ರ ಹತ್ತಿರ ಇದ್ದು ಹೋಗಬೇಕಾದ್ದು 52 ಆದರೆ ಇನ್ನು ಹನ್ನೆರಡು ಮೈಲಿ. ಎಕ್ಸಿಟ್ ತಪ್ಪಿದರೆ ಮುಂದಿನದರಲ್ಲಿ ಇಳಿದು ವಾಪಸ್ ಬನ್ನಿ. ಹೆದ್ದಾರಿಯಲ್ಲಿ ರಿವರ್ಸ್ ಬರುವುದು, ಬದಿಯಲ್ಲಿ ನಿಲ್ಲಿಸಿ ಯೋಚಿಸುವುದು ಎರಡೂ ಬೇಡವೇ ಬೇಡ.

ಥಂಡಿ ಊರಿಗೆ ಹೋಗುವವರು ಫ್ಯಾರನ್‌ಹೀಟ್‌ನಲ್ಲಿ ಒಂದು ಅಂಕಿ ನೆನಪಿಡಿ: 32. ಅಲ್ಲಿ ನೀರು ಹೆಪ್ಪುಗಟ್ಟುತ್ತದೆ. ಕಾರಿನ ಪರದೆಯಲ್ಲಿ 34, 33 ಅಂತ ಬಂದರೆ ರಸ್ತೆಯಲ್ಲಿ ಕಣ್ಣಿಗೆ ಕಾಣದ ಐಸ್ ಇರಬಹುದು, ಸೇತುವೆಗಳ ಮೇಲೆ ಮೊದಲು. ನಮಗೆ 34 ಅಂದರೆ ಬೇಸಿಗೆ, ಅದಕ್ಕೇ ಈ ಅಂಕಿ ಮೋಸ ಮಾಡುತ್ತದೆ. ಉಳಿದಂತೆ, ಮೂವತ್ತು ಕಳೆದು ಅರ್ಧ ಮಾಡಿದರೆ ಅಂದಾಜು ಸೆಲ್ಸಿಯಸ್ ಸಿಗುತ್ತದೆ.

ಟೈರಿನ ಗಾಳಿ ಮಾತ್ರ ನಮ್ಮಂತೆಯೇ ಪಿಎಸ್‌ಐ ಲೆಕ್ಕ.

ಹಂತ 5: ಪೆಟ್ರೋಲ್ ಹಾಕಿಸುವುದಲ್ಲ, ಹಾಕಿಕೊಳ್ಳುವುದು

ಅಲ್ಲಿ ಪೆಟ್ರೋಲಿಗೆ ಗ್ಯಾಸ್ ಅನ್ನುತ್ತಾರೆ. ನ್ಯೂಜೆರ್ಸಿ ಬಿಟ್ಟರೆ ಬಹುತೇಕ ಎಲ್ಲ ಕಡೆ ನಾವೇ ಹಾಕಿಕೊಳ್ಳಬೇಕು. ಪಂಪಿಗೆ ಕಾರ್ಡ್ ತೂರಿಸಿದರೆ ಹೆಚ್ಚಾಗಿ ಜಿಪ್ ಕೋಡ್, ಅಂದರೆ ಅಲ್ಲಿಯ ಅಂಚೆ ಪಿನ್ ಕೋಡ್ ಕೇಳುತ್ತದೆ, ನಮ್ಮ ಬ್ಯಾಂಕಿನ ಕಾರ್ಡಿಗೆ ಅದು ಇರುವುದಿಲ್ಲ, ಪಂಪ್ ಒಪ್ಪದೇ ಇರಬಹುದು. ಗಾಬರಿ ಬೇಡ. ಒಳಗಿನ ಅಂಗಡಿಗೆ ಹೋಗಿ ಪಂಪ್ ನಂಬರ್ ಹೇಳಿ, ಎಷ್ಟು ಡಾಲರ್‌ಗೆ ಬೇಕೋ ಮುಂಗಡ ಕೊಡಿ. ಉಳಿದರೆ ವಾಪಸ್ ಸಿಗುತ್ತದೆ.

87 ಅಂತ ಬರೆದಿರುವುದು ಸಾಮಾನ್ಯ ಪೆಟ್ರೋಲ್. ನಮ್ಮಲ್ಲಿ ಹಿಂದೆ 91 ಅಂತ ಓದಿದವರಿಗೆ ಇದು ಕಳಪೆ ಅನ್ನಿಸಬಹುದು, ಹಾಗಲ್ಲ. ಆಕ್ಟೇನ್ ಅಳೆಯುವ ಕ್ರಮ ಬೇರೆ, ಮಾಲು ಹೆಚ್ಚುಕಮ್ಮಿ ಅದೇ. ನೀವು ನೋಡಲೇಬೇಕಾದ್ದು ಹಿಡಿಯ ಬಣ್ಣ. ಅಲ್ಲಿ ಡೀಸೆಲ್ ಪೈಪಿನ ಹಿಡಿ ಸಾಮಾನ್ಯವಾಗಿ ಹಸಿರು. ಆದರೆ ಬಣ್ಣವೊಂದನ್ನೇ ನಂಬದೆ ಅಕ್ಷರ ಓದಿ.

ಒಂದು ಗ್ಯಾಲನ್ ಅಂದರೆ 3.8 ಲೀಟರ್. 12 ಗ್ಯಾಲನ್ ಟ್ಯಾಂಕ್ ಅಂದರೆ ನಮ್ಮ 45 ಲೀಟರ್ ಟ್ಯಾಂಕ್. ಮೈಲೇಜ್ 30 ಅಂದರೆ ಖುಷಿಪಡಬೇಡಿ, ಅದು ಗ್ಯಾಲನ್‌ಗೆ 30 ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರ್‌ಗೆ 13ರ ಹತ್ತಿರ.

ಹಂತ 6: ರಸ್ತೆಯ ಮರ್ಯಾದೆ

ನಿಜವಾದ ಕಲಿಕೆ ಇಲ್ಲಿದೆ. ನಮ್ಮಲ್ಲಿ ಜಾಗ ಸಿಕ್ಕವರು ಮುಂದೆ ಹೋಗುತ್ತಾರೆ. ಅಲ್ಲಿ ಸರದಿ ಬಂದವರು ಹೋಗುತ್ತಾರೆ.

ಸ್ಟಾಪ್ ಅಂತ ಬರೆದ ಎಂಟು ಮೂಲೆಯ ಕೆಂಪು ಬೋರ್ಡ್ ಕಂಡರೆ ಪೂರ್ತಿ ನಿಲ್ಲಬೇಕು. ನಿಧಾನ ಮಾಡಿ ಉರುಳಿಸಿಕೊಂಡು ಹೋಗುವುದಲ್ಲ, ಚಕ್ರ ನಿಲ್ಲಬೇಕು. ರಾತ್ರಿ ಹನ್ನೆರಡಕ್ಕೆ, ಯಾರೂ ಇಲ್ಲದಿದ್ದರೂ. ನಾಲ್ಕೂ ದಿಕ್ಕಿಗೆ ಈ ಬೋರ್ಡ್ ಇರುವ ಕೂಡುರಸ್ತೆಗಳು ತುಂಬಾ. ಅಲ್ಲಿ ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ. ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ. ಇಬ್ಬರು ಒಟ್ಟಿಗೆ ಬಂದರೆ ಬಲಗಡೆ ಇರುವವರಿಗೆ ಮೊದಲ ಸರದಿ. ನಾನು ಮೊದಲ ದಿನ ಎಲ್ಲರೂ ಹೋಗಲಿ ಅಂತ ನಿಂತೇ ಇದ್ದೆ. ಎದುರಿನ ಹೆಂಗಸು ಕೈಯಿಂದ ನೀವು ಹೋಗಿ ಅಂತ ತೋರಿಸಿ, ನಾನು ಹೋಗುವ ತನಕ ಕಾದರು. ಸೌಜನ್ಯ ಅಂತ ಸರದಿ ಬಿಟ್ಟುಕೊಡುವುದೂ ಅಲ್ಲಿ ಗೊಂದಲವೇ. ನಿಮ್ಮ ಸರದಿ ಬಂದಾಗ ಹೋಗಿ.

ಕೆಂಪು ಸಿಗ್ನಲ್ ಇದ್ದರೂ ಪೂರ್ತಿ ನಿಂತು, ಜನ ಮತ್ತು ಎಡದಿಂದ ಬರುವ ವಾಹನ ನೋಡಿಕೊಂಡು ಬಲಕ್ಕೆ ತಿರುಗಬಹುದು. ಬೇಡ ಅಂತ ಬೋರ್ಡ್ ಇದ್ದರೆ, ಕ್ಯಾಲಿಫೋರ್ನಿಯಾದಲ್ಲಿ ಕೆಂಪು ಬಾಣದ ಗುರುತು ಇದ್ದರೂ, ತಿರುಗುವಂತಿಲ್ಲ. ನ್ಯೂಯಾರ್ಕ್ ನಗರದಲ್ಲಿ ಬೋರ್ಡ್ ಅನುಮತಿ ಕೊಟ್ಟ ಕಡೆ ಬಿಟ್ಟು ಎಲ್ಲೂ ಇಲ್ಲ. ಎಡಕ್ಕೆ ತಿರುಗಲು ಬರೀ ಹಸಿರು ದೀಪ ಸಾಲದು, ಎದುರಿನವರು ಹೋಗುವ ತನಕ ಕಾಯಬೇಕು. ಹಸಿರು ಬಾಣ ಬಂದರೆ ದಾರಿ ನಿಮ್ಮದು.

ಹಳದಿ ಶಾಲಾ ಬಸ್ಸಿನ ಕೆಂಪು ದೀಪ ಮಿನುಗಿ, ಪಕ್ಕದಿಂದ ಸ್ಟಾಪ್ ಬೋರ್ಡ್ ಚಾಚಿದರೆ ಹಿಂದಿನವರಷ್ಟೇ ಅಲ್ಲ, ಎದುರಿನಿಂದ ಬರುವವರೂ ನಿಲ್ಲಬೇಕು. ನಡುವೆ ಡಿವೈಡರ್ ಇದ್ದರೆ ಹೆಚ್ಚಿನ ರಾಜ್ಯಗಳಲ್ಲಿ ಎದುರಿನವರಿಗೆ ವಿನಾಯಿತಿ. ಓವರ್‌ಟೇಕ್ ಮಾಡುವ ಯೋಚನೆಯೂ ಬರಬಾರದು, ಮಕ್ಕಳು ಬಸ್ಸಿನ ಮುಂದಿನಿಂದ ರಸ್ತೆ ದಾಟುತ್ತಿರುತ್ತಾರೆ. ಆಂಬುಲೆನ್ಸ್, ಫೈರ್ ಎಂಜಿನ್ ಸೈರನ್ ಕೇಳಿದರೆ ಬಲ ಅಂಚಿಗೆ ಸರಿದು ನಿಂತುಬಿಡಿ.

ಹಾರನ್ ಮರೆತುಬಿಡಿ. ನಮ್ಮಲ್ಲಿ ಹಾರನ್ ಅಂದರೆ "ನಾನಿದ್ದೇನೆ, ನೋಡಿ" ಅಂತ. ಅಲ್ಲಿ ಅದು ಬೈಗುಳದ ಹಾಗೆ ಕೇಳಿಸುತ್ತದೆ. ಡಿಕ್ಕಿ ತಪ್ಪಿಸಲು ಮಾತ್ರ ಬಳಸಿ. ಲೈಟ್ ಮಿನುಗಿಸುವುದಂತೂ ಹೆಚ್ಚು ಸಲ ಉಲ್ಟಾ ಅರ್ಥ. ನಮ್ಮಲ್ಲಿ ಎದುರಿನವರು ಲೈಟ್ ಹೊಡೆದರೆ "ನಾನು ಬರ್ತಿದ್ದೀನಿ, ನಿಲ್ಲು" ಅಂತ. ಅಲ್ಲಿ ಸಾಮಾನ್ಯವಾಗಿ "ನೀವು ಹೋಗಿ" ಅಂತ. ನೀವು ಅಭ್ಯಾಸಬಲದಿಂದ ಲೈಟ್ ಹೊಡೆದು ಮುಂದೆ ನುಗ್ಗಿದರೆ, ಎದುರಿನವರೂ ನಂಬಿ ನುಗ್ಗುತ್ತಾರೆ. ಈ ಅಭ್ಯಾಸವನ್ನು ವಿಮಾನ ಹತ್ತುವ ಮುಂಚೆಯೇ ಬಿಡಿ.

ಹೆದ್ದಾರಿಗೆ ಸೇರುವ ಇಳಿಜಾರಿನಲ್ಲಿ ನಿಂತು ಕಾಯಬಾರದು. ಅಲ್ಲೇ ವೇಗ ಏರಿಸಿ, ಕನ್ನಡಿ ನೋಡಿ, ತಲೆ ಎಡಕ್ಕೆ ತಿರುಗಿಸಿ ಒಮ್ಮೆ ನೋಡಿ, ಸೇರಿಕೊಳ್ಳಿ. ಕೆಲವು ಕಡೆ ಅಲ್ಲೇ ಸಿಗ್ನಲ್ ಇರುತ್ತದೆ, ಹಸಿರು ಬಂದಾಗ ಸಾಮಾನ್ಯವಾಗಿ ಒಂದೊಂದೇ ಕಾರು. ಎಡ ತುದಿಯ ಲೇನ್‌ನಲ್ಲಿ ವಜ್ರದ ಆಕಾರ ಬರೆದಿದ್ದರೆ ಅದು ಇಬ್ಬರು ಮೂವರು ಒಟ್ಟಿಗೆ ಹೋಗುವ ಕಾರುಗಳಿಗೆ, ಒಬ್ಬರೇ ಇದ್ದರೆ ಹೋಗಬೇಡಿ.

ಘಟ್ಟದ ರಸ್ತೆ ಓಡಿಸುವವರಿಗೆ ಒಂದು ಮಾತು. ಕ್ಯಾಲಿಫೋರ್ನಿಯಾದ ಎರಡು ಲೇನ್‌ನ ರಸ್ತೆಯಲ್ಲಿ ನೀವು ನಿಧಾನ ಹೋಗುತ್ತಿದ್ದು ಹಿಂದೆ ಐದು ವಾಹನ ಸೇರಿದರೆ, ಬದಿಯ ಜಾಗ ಸಿಕ್ಕ ಕಡೆ ಸರಿದು ಅವರನ್ನು ಬಿಡಬೇಕು. ಇದು ಕಾನೂನು. ನಮ್ಮ ಆಗುಂಬೆ ಘಾಟಿಯಲ್ಲಿ ಇದು ಬಂದರೆ ಎಷ್ಟು ಚೆನ್ನ ಅನ್ನಿಸಿತು.

ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಂಟು ವರ್ಷದೊಳಗಿನವರಿಗೆ ಹಿಂದಿನ ಸೀಟಿನಲ್ಲಿ ಮಕ್ಕಳ ಸೀಟು ಬೇಕು, ಎತ್ತರ 4 ಅಡಿ 9 ಅಂಗುಲ ಮುಟ್ಟಿದ್ದರೆ ಬೆಲ್ಟ್ ಸಾಕು. ಅಜ್ಜಿ ಎತ್ತಿಕೊಂಡರೆ ಮಗು ಸುಮ್ಮನಿರುತ್ತದೆ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ, ನಮ್ಮಲ್ಲೂ ನಡೆಯಬಾರದು.

ಹಂತ 7: ಪೊಲೀಸರು ನಿಲ್ಲಿಸಿದರೆ

ನಮ್ಮಲ್ಲಿ ಕಾರಿನಿಂದ ಇಳಿದು, ಕಾಗದ ಹಿಡಿದು ಪೊಲೀಸರ ಹತ್ತಿರ ಹೋಗುವುದು ವಿನಯ. ಅಲ್ಲಿ ಅದೇ ಅಪಾಯ. ಹಿಂದೆ ಕೆಂಪು ನೀಲಿ ದೀಪ ಕಂಡರೆ ಬಲ ಅಂಚಿಗೆ ನಿಲ್ಲಿಸಿ, ಕಾರಿನಲ್ಲೇ ಕೂತಿರಿ. ಗಾಜು ಇಳಿಸಿ, ಎರಡೂ ಕೈ ಸ್ಟೇರಿಂಗ್ ಮೇಲೆ ಕಾಣುವ ಹಾಗೆ ಇಡಿ. ಡಿಎಲ್ ಕೇಳಿದಾಗ, ಬ್ಯಾಗಿನಲ್ಲಿದೆ, ತೆಗೆಯುತ್ತೇನೆ ಅಂತ ಹೇಳಿ ಆಮೇಲೆ ಕೈ ಹಾಕಿ. ದುಡ್ಡಿನ ಮಾತೇ ಎತ್ತಬೇಡಿ.

ಬೇರೆ ದೇಶಗಳಿಗೆ ಹೋಗುವವರಿಗೆ

ಕೆನಡಾದಲ್ಲಿ ಬಲಗಡೆ, ಆದರೆ ಕಿಲೋಮೀಟರ್. ಅಮೆರಿಕದಿಂದ ಗಡಿ ದಾಟಿದ ತಕ್ಷಣ ಬೋರ್ಡಿನ 100 ಮೈಲಿಯಲ್ಲ. ದುಬೈ, ಮಸ್ಕತ್ ಕಡೆಯೂ ಬಲಗಡೆ, ಕಿಲೋಮೀಟರ್. ಬ್ರಿಟನ್ನಿನಲ್ಲಿ ನಮ್ಮಂತೆ ಎಡಗಡೆ, ಲೆಕ್ಕ ಮಾತ್ರ ಮೈಲಿ. ಅಲ್ಲಿಯ ಗ್ಯಾಲನ್ ಕೂಡ ದೊಡ್ಡದು, 4.5 ಲೀಟರ್. ಸರ್ಕಲ್‌ಗಳು ಜಾಸ್ತಿ, ಬಲದಿಂದ ಬರುವವರಿಗೆ ದಾರಿ ಬಿಡಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಎಡಗಡೆ, ಕಿಲೋಮೀಟರ್ ಎರಡೂ ನಮ್ಮಂತೆ. ನನ್ನ ಕೇಳಿದರೆ ವಿದೇಶದಲ್ಲಿ ಮೊದಲ ಸಲ ಓಡಿಸಲು ಈ ಎರಡು ದೇಶವೇ ಸುಲಭ.

ವಾಪಸ್ ಬಂದ ಮೇಲೆ

ಆರು ತಿಂಗಳು ಅಲ್ಲಿದ್ದು ಬಂದವರ ಕೈ ಈಗ ಬಲಗಡೆಗೆ ಒಗ್ಗಿರುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಊರು, ನಮ್ಮ ರಸ್ತೆ ಅಂತ ಮೈಮರೆಯುತ್ತೇವೆ. ದೇವನಹಳ್ಳಿ ವಿಮಾನ ನಿಲ್ದಾಣದಿಂದ ಟ್ಯಾಕ್ಸಿಯಲ್ಲೇ ಮನೆಗೆ ಬನ್ನಿ. ಎರಡು ದಿನ ನಿದ್ದೆ ಮಾಡಿ. ಆಮೇಲೆ ನಿಂತ ಕಾರಿನಲ್ಲಿ ಕೂತು, ಬಲಗೈಯಿಂದ ಇಪ್ಪತ್ತು ಸಲ ಇಂಡಿಕೇಟರ್ ಹಾಕಿ ತೆಗೆಯಿರಿ. ಮೊದಲ ಸಲ ಹೊರಗೆ ಹೊರಡುವುದು ಬೆಳಗಿನ ಖಾಲಿ ರಸ್ತೆಗಲ್ಲ, ಹತ್ತು ಗಂಟೆಯ ಹೊತ್ತಿಗೆ, ಮುಂದೆ ಇನ್ನೊಂದು ಕಾರು ಇರುವಾಗ.